ಜಲಜಕ್ಕನ ಲಿವರಿಗೆ ಐಸ್ ಹಾಕಿದ್ದು

ನಾವುಂದದ ಜಲಜಳ ಲಿವರಿನಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ ಊರಿನವರೆಲ್ಲ ಮೊದಲು ತಿರುಗಿ ನೋಡಿದ್ದು ಅವಳ ಗಂಡ ಚಂದಯ್ಯನನ್ನು. ಊರಿನವರದೂ ತಪ್ಪಲ್ಲ. ಸಂಜೆಯಾದರೆ ಒಂದಿಷ್ಟು ಹಾಕಿಕೊಂಡು ಬರುವ ಅಭ್ಯಾಸ ಇದ್ದದ್ದು ಚಂದಯ್ಯನಿಗೆ. ಜಲಜ ಮದುವೆ ಮನೆಯಲ್ಲಿ ಸೋಡಾ ಕೊಟ್ಟರೂ ಮೂಸಿ ನೋಡಿ ಕುಡಿಯುವ ಹೆಂಗಸು.

ಅವಳು ಮೀನು ಮಾರುವವಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದು, ಪೆಟ್ಟಿಗೆಯಲ್ಲಿ ಐಸು ತುಂಬಿಸಿ, ಬಸ್ಸಿನಲ್ಲಿ ಬಂದು ತಲ್ಲೂರಿನಲ್ಲಿ ಇಳಿದು, ಅಲ್ಲಿಂದ ಹಟ್ಟಿಯಂಗಡಿಯವರೆಗೆ ಮನೆ ಮನೆಗೆ ಹೋಗುವುದು ಅವಳ ದಾರಿ. "ಹ್ವಾಯ್" ಎಂದು ಅವಳು ಗೇಟಿನ ಹೊರಗೆ ನಿಂತು ಒಂದು ಸಲ ಕರೆದರೆ ಆ ಮನೆಯ ಹಿಂದಿನ ತೋಟದಲ್ಲಿ ಇದ್ದವರಿಗೂ, ಅದರ ಹಿಂದಿನ ಮನೆಯವರಿಗೂ ಬಂಗ್ಡೆ ಬಂತೆಂದು ತಿಳಿಯುತ್ತಿತ್ತು. ಎರಡನೆಯ ಸಲ ಕರೆಯುವ ಪ್ರಸಂಗ ಬರುತ್ತಿರಲಿಲ್ಲ.

ಗಡ್ಡೆ ಸಿಕ್ಕಿದ್ದೂ ಚಂದಯ್ಯನ ದೆಸೆಯಿಂದಲೇ. ಮೀನುಗಾರರ ಸಂಘದವರು ಶಾಲೆಯಲ್ಲಿ ಒಂದು ಆರೋಗ್ಯ ಶಿಬಿರ ಇಟ್ಟಿದ್ದರು. ಹೊಟ್ಟೆ ಸ್ಕ್ಯಾನ್ ಮಾಡುವ ಯಂತ್ರವೂ ಬಂದಿದೆಯೆಂದು ಕೇಳಿ ಜಲಜ ಗಂಡನನ್ನು ಹೊರಡಿಸಿದಳು. ಬೋಟಿನ ಕೆಲಸ ಬಿಟ್ಟು ಈಗ ಬಲೆ ಹೆಣೆಯುತ್ತಾ ಕೂರುವ ಚಂದಯ್ಯ, ಡಾಕ್ಟರು ತನ್ನ ಸಂಜೆಯ ವಿಷಯ ಎತ್ತುತ್ತಾರೆಂಬ ಹೆದರಿಕೆಯಲ್ಲಿ ಶಾಲೆಯ ಗೇಟಿನವರೆಗೆ ಬಂದವನು ಅಲ್ಲಿಯ ಬೇಲಿ ಹಿಡಿದುಕೊಂಡ. ಅಂತೂ ಇಂತೂ ಒಳಗೆ ಎಳೆದು ತಂದರೆ ಮಂಚ ಹತ್ತಲು ಒಪ್ಪಲಿಲ್ಲ.

"ಹ್ವಾಯ್, ಒಂಚೂರ್ ಮನಿಕಣಿ ಅಲ್ಲಿ. ಕಚ್ಚುದಿಲ್ಲೆ ಅದ್," ಎಂದಳು ಜಲಜ.

"ನೀನ್ ಮನಿಕೋ ಮೊದ್ಲ್. ಮತ್ತೆ ಕಾಂಬ," ಎಂದ ಚಂದಯ್ಯ.

ಸಣ್ಣ ಮಕ್ಕಳಿಗೆ ಮದ್ದು ಕುಡಿಸುವಾಗ ತಾಯಿ ತಾನು ಮೊದಲು ಕುಡಿದಂತೆ ಮಾಡುತ್ತಾಳಲ್ಲ, ಹಾಗೆ ಜಲಜ ತಾನೇ ಮಂಚ ಹತ್ತಿ ಮಲಗಿದಳು. ಹೊಟ್ಟೆಗೆ ತಣ್ಣನೆಯ ಅಂಟು ಸವರಿದಾಗ, "ಕಾಣಿ, ತಂಗಳ್ ಗಂಜಿ ಉಜ್ಜದಾಂಗ್ ಆತ್ತ್, ಅಷ್ಟೇ," ಎಂದು ಗಂಡನಿಗೆ ಧೈರ್ಯವನ್ನೂ ಹೇಳಿದಳು. ಯಂತ್ರ ಹಿಡಿದ ಹುಡುಗಿ ಬಲಗಡೆ ಪಕ್ಕೆಯ ಕೆಳಗೆ ಒಂದೇ ಕಡೆ ಹೋಗಿ ಬಂದು ಮಾಡಿದಳು. ಆಮೇಲೆ ಡಾಕ್ಟರನ್ನು ಕರೆದಳು. ಡಾಕ್ಟರೂ ಅಲ್ಲೇ ಹೋಗಿ ಬಂದು ಮಾಡಿದರು.

ಆಮೇಲೆ ಮಲಗಿದ ಚಂದಯ್ಯನ ಲಿವರಿನಲ್ಲಿ ಸ್ವಲ್ಪ ಕೊಬ್ಬು ಬಿಟ್ಟರೆ ಬೇರೇನೂ ಇರಲಿಲ್ಲ.

"ಅದಲ್ ಬದಲ್ ಆಯ್ತ್ ಮಾರಾಯ್ರೆ," ಎಂದಳು ಜಲಜ ಎದ್ದು ಸೀರೆ ಸರಿಮಾಡಿಕೊಳ್ಳುತ್ತಾ. "ಆ ಲಿವರ್ ಅವ್ರದ್ದ್. ಇನ್ನೊಂದ್ ಸಲ ಸಮಾ ಕಾಣಿ."

ಸಮಾ ಕಂಡದ್ದೂ ಆಯಿತು. ಮಗಳು ಶ್ರೀಲತಾ ಕುಂದಾಪುರದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದವಳು, ಒಂದು ದಿನವೂ ಕಾಯದೆ ತಾಯಿಯನ್ನು ಬ್ರಹ್ಮಾವರ ದಾಟಿ ಮುಂದಿರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಕ್ತ ತೆಗೆದರು, ದೊಡ್ಡ ಬಳೆಯಂಥ ಯಂತ್ರದೊಳಗೆ ತೂರಿಸಿದರು. ಯಾವುದೋ ಕಾಲದಲ್ಲಿ ಸೇರಿಕೊಂಡ ಹೆಪಟೈಟಿಸ್ ಬಿ ಎಂಬ ಕಾಮಾಲೆಯ ವೈರಸ್ಸು ಸದ್ದಿಲ್ಲದೆ ಅವಳ ರಕ್ತದಲ್ಲಿ ಕೂತು ಲಿವರನ್ನು ಗಟ್ಟಿ ಮಾಡಿತ್ತು. ಅದರ ಮೇಲೆ ಈಗ ಸಣ್ಣ ಲಿಂಬೆಯಷ್ಟು ದೊಡ್ಡ ಕ್ಯಾನ್ಸರ್ ಗಡ್ಡೆ. ಒಂದೇ ಒಂದು, ಬೇರೆಲ್ಲೂ ಹರಡಿಲ್ಲ.

"ನಾನ್ ಅವ್ರನ್ ತೋರ್ಸುಕ್ ಹೋದ್ದ್," ಎಂದು ಜಲಜ ಬಂದವರಿಗೆಲ್ಲ ಹೇಳುತ್ತಿದ್ದಳು. ದುಃಖಕ್ಕಿಂತ ಅವಳ ದನಿಯಲ್ಲಿ ಮೋಸ ಹೋದ ಸಿಟ್ಟೇ ಜಾಸ್ತಿ ಇತ್ತು. "ಕುಡ್ದದ್ ಯಾರ್, ಲಿವರ್ ಹೋದ್ದ್ ಯಾರದ್ದ್!"

ಬಂದವರು ಚಹಾ ಕುಡಿದು ಚಂದಯ್ಯನ ಕಡೆ ಒಂದು ನೋಟ ಎಸೆದು ಹೋಗುತ್ತಿದ್ದರು. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಶ್ರೀಲತಾ ಎಷ್ಟು ಸಲ ಹೇಳಿದರೂ ಆ ನೋಟ ಬದಲಾಗಲಿಲ್ಲ. ಕೊನೆಗೆ ಚಂದಯ್ಯ ಆ ನೋಟ ತಾಳಲಾರದೆ ಕುಡಿತ ಬಿಟ್ಟೇ ಬಿಟ್ಟ.

ಅಲ್ಲಿಂದ ಜಲಜಳ ನಿಜವಾದ ಕಷ್ಟ ಶುರುವಾಯಿತು. ಇಷ್ಟು ವರ್ಷ ಸಂಜೆಯ ಹೊತ್ತು ಮನೆಯಲ್ಲಿ ಕಾಣದ ಗಂಡ ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಾತಾಡತೊಡಗಿದ. ಮಸಾಲೆಗೆ ಕೊತ್ತಂಬರಿ ಜಾಸ್ತಿಯಾಯಿತಲ್ಲವೆ, ಪಾತ್ರೆಯ ಮುಚ್ಚಳ ಅರ್ಧ ತೆರೆದಿಡಬಾರದೆ, ಈ ಸೌಟು ಎಷ್ಟು ವರ್ಷದ್ದು? ಒಂದು ಸಂಜೆ ಅವನು ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಟ್ಟಿದ್ದ. ಜಲಜಳಿಗೆ ಮೆಣಸಿನ ಡಬ್ಬಿ ಸಿಗದೆ ಒಲೆಯ ಮೇಲಿನ ಮೀನಿನ ಪದಾರ್ಥ ತಳ ಹಿಡಿಯಿತು.

"ಹೆಣ್ಣೆ, ನಿನ್ ಅಪ್ಪಯ್ಯನಿಗೆ ಒಂದ್ ಚೂರ್ ಕುಡುಕೆ ಹೇಳ್," ಎಂದಳು ಅವಳು ಮಗಳಿಗೆ. "ಗಡ್ಡಿಯಾರೂ ತಡ್ಕಂತೆ, ಇದ್ ತಡ್ಕಂಬುಕೆ ಆತಿಲ್ಲೆ."

ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವರು ವಿನಯಾ ಎಂಬ ಡಾಕ್ಟರು. ಗಂಭೀರ ಸ್ವಭಾವದ ಹೆಂಗಸು, ಕನ್ನಡಕ, ಅಳೆದು ಆಡುವ ಪುಸ್ತಕದ ಕನ್ನಡ. ಲಿವರು ಗಟ್ಟಿಯಾಗಿದೆ, ಹೃದಯವೂ ಅಷ್ಟು ಬಲವಾಗಿಲ್ಲ, ಹಾಗಾಗಿ ಹೊಟ್ಟೆ ಕೊಯ್ದು ಗಡ್ಡೆ ತೆಗೆಯುವುದು ಬೇಡ ಎಂದರು ಅವರು. ಗಡ್ಡೆ ಪಿತ್ತಕೋಶಕ್ಕೆ ತಾಗಿಕೊಂಡೇ ಇರುವುದರಿಂದ ಬಿಸಿ ಕೊಟ್ಟು ಸುಡಲೂ ಮನಸ್ಸಿಲ್ಲ.

"ಸ್ಕ್ಯಾನಿನಲ್ಲಿ ನೋಡಿಕೊಂಡು ಪಕ್ಕೆಯಿಂದ ತೆಳ್ಳಗಿನ ಸೂಜಿಗಳನ್ನು ಗಡ್ಡೆಯೊಳಗೆ ಇಳಿಸುತ್ತೇವೆ," ಎಂದರು ಡಾಕ್ಟರು. "ಸೂಜಿಯ ತುದಿಯಲ್ಲಿ ವಿಪರೀತ ತಂಪು ಹುಟ್ಟುತ್ತದೆ. ಗಡ್ಡೆ ಮಂಜುಗಡ್ಡೆಯಾಗುತ್ತದೆ. ಹೆಪ್ಪುಗಟ್ಟಿಸಿ ಕೊಲ್ಲುವ ವಿಧಾನ ಇದು."

ಜಲಜ ಮಗಳ ಮುಖ ನೋಡಿದಳು. "ಎಂತ ಹೇಳ್ತ್ರ್ ಇವ್ರ್?"

"ಗಡ್ಡಿಗೆ ಐಸ್ ಹಾಕುದಂಬ್ರ್ ಅಮ್ಮ."

ಜಲಜ ಕುರ್ಚಿಯಿಂದ ಎದ್ದಳು. ಅವಳ ಬದುಕೇ ಐಸಿನ ಜೊತೆಗಿನ ಬದುಕು. ಕೈಯ ಬೆರಳುಗಳು ಐಸು ಮುಟ್ಟಿ ಮುಟ್ಟಿ ಮರಗಟ್ಟಿದ್ದವು. ಈ ಪ್ರಪಂಚದಲ್ಲಿ ಬೇರೆ ಯಾವುದರ ವಿಷಯದಲ್ಲಿ ಅಲ್ಲವಾದರೂ ಐಸಿನ ವಿಷಯದಲ್ಲಿ ತನಗೆ ಯಾರೂ ಹೇಳಿಕೊಡಬೇಕಾಗಿಲ್ಲವೆಂದು ಅವಳು ನಂಬಿದ್ದಳು.

"ಐಸ್ ಹಾಕಿರೆ ಸಾಯುದಲ್ಲ ಡಾಕ್ಟ್ರೇ, ಹಾಳಾಪ್ದ್ ನಿಲ್ಲುದ್! ನಾನ್ ಬೆಳಿಗ್ಗೆ ಐಸಿಗ್ ಹಾಕದ್ ಬಂಗ್ಡಿ ಸಂಜಿಗೂ ಕಣ್ ಬಿಟ್ಕಂಡ್ ಇರ್ತ್. ನೀವ್ ಗಡ್ಡಿಗ್ ಐಸ್ ಹಾಕಿರೆ ಅದ್ ನಾನ್ ಸತ್ ಮೇಲೂ ಫ್ರೆಶ್ಶಾಗ್ ಇರ್ತ್!"

ಡಾಕ್ಟರು ಇನ್ನೊಮ್ಮೆ ವಿವರಿಸಿದರು. ಜೀವಕೋಶ ಎಂದರು, ಸ್ಫಟಿಕ ಎಂದರು, ರಕ್ತನಾಳ ಎಂದರು. ಜಲಜ ಬ್ಯಾಗು ಹೆಗಲಿಗೇರಿಸಿ, "ಬಾ ಹೆಣ್ಣೆ, ಹೋಪ," ಎಂದು ಬಾಗಿಲಿನ ಕಡೆ ತಿರುಗಿದಳು.

ಆಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಹ್ವಾಯ್! ಕೂಕಣಿ ಮೊದ್ಲ್!"

ಜಲಜ ಕೂತುಬಿಟ್ಟಳು. ಆ "ಹ್ವಾಯ್" ತನ್ನದಕ್ಕಿಂತ ಏನೂ ಕಡಿಮೆಯದಲ್ಲವೆಂದು ಅವಳಿಗೆ ಒಳಗೊಳಗೇ ಅನ್ನಿಸಿತು.

"ನಿಮ್ದ್ ಯಾವೂರ್ ಡಾಕ್ಟ್ರೇ?"

"ಉಪ್ಪುಂದ. ಈಗ ನಾನ್ ಕೇಂಬುದಕ್ಕೆ ಹೇಳಿ. ಮನಿಯಂಗೆ ಫ್ರಿಜ್ ಇತ್ತಾ?"

"ಇತ್ತ್."

"ಮೀನ್ ಫ್ರೀಜರಂಗೆ ಕಲ್ಲಾಯ್ತ್. ಕರೆಂಟ್ ಹೋಯ್ತ್, ನೀರ್ ಬಿಟ್ತ್. ಮತ್ತೆ ಕರೆಂಟ್ ಬಂತ್, ಮತ್ತೊಂದ್ಸಲ ಕಲ್ಲಾಯ್ತ್. ಆ ಮೀನ್ ಹ್ಯಾಂಗಿರ್ತ್?"

"ಥೂ, ಹಿಟ್ಟಾಗ್ ಹೋತ್ತ್. ಮುಟ್ಟಿರೆ ಕೈಗೆ ಬತ್ತ್. ಬೆಕ್ಕಿಗ್ ಹಾಕುಕೂ ಆತಿಲ್ಲೆ."

"ನಾವ್ ಮಾಡುದ್ ಅದೇ. ನಿಮ್ ಪೆಟ್ಟಿಗಿ ಐಸ್ ಹೊರಗಿಂದ ತಂಪ್ ಮಾಡ್ತ್, ಮೀನ್ ಕಲ್ಲಾತಿಲ್ಲೆ. ಇದ್ ಒಳಗಿಂದ ಕಲ್ ಮಾಡುದ್. ಒಂದ್ಸಲ ಕಲ್ ಮಾಡ್ತ್, ನೀರ್ ಬಿಡ್ಸ್ತ್, ಮತ್ತೊಂದ್ಸಲ ಕಲ್ ಮಾಡ್ತ್. ಗಡ್ಡಿ ಒಳಗಿನ್ ನೀರೇ ಒಡ್ದ್ ಅದ್ನ ಹಿಟ್ ಮಾಡ್ತ್. ಗೊತ್ತಾಯ್ತಾ?"

ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟು ಹಾಳಾದ ಒಂದು ಇಡೀ ಅಂಜಲ್ ಮೀನು ಜಲಜಳ ಕಣ್ಣ ಮುಂದೆ ಬಂದಿರಬೇಕು.

"ಇದನ್ನ ಮೊದ್ಲೇ ಹೇಳುಕಾತಿಲ್ಯಾ?" ಎಂದಳು. "ಆಸ್ಪತ್ರಿಯಂಗೆ ಜನರೇಟರ್ ಇತ್ತಲ್ದಾ?"

ಗೊತ್ತುಮಾಡಿದ ದಿನದ ಹಿಂದಿನ ದಿನವೂ ಅವಳು ಮೀನು ಮಾರಿದಳು. ಹಟ್ಟಿಯಂಗಡಿಯಲ್ಲಿ ಅವಳ ಹಳೆಯ ಗಿರಾಕಿ ಪ್ರಭಾವತಿ. ಗದ್ದೆ ತೋಟ ಇರುವ ದೊಡ್ಡ ಮನೆ. ಗಂಡ ಭೋಜರಾಜ ಮುಂಬೈಯಲ್ಲಿ ಹೋಟೆಲು ನಡೆಸಿ ಈಗ ಊರಿಗೆ ಬಂದು, ಹೊತ್ತು ಹೋಗದೆ, ತಲ್ಲೂರಿನ ಸುತ್ತಮುತ್ತಲಿನ ಸುದ್ದಿಯ ಒಂದು ವಾಟ್ಸಾಪ್ ಗುಂಪು ನಡೆಸುತ್ತಿದ್ದ.

"ನಾಳೆ ಬತ್ತಿಲ್ಲೆ ಅಮ್ಮ," ಎಂದಳು ಜಲಜ ಕಾಣೆ ಮೀನು ತೂಗಿ ಕೊಡುತ್ತಾ. "ಆಸ್ಪತ್ರಿಗ್ ಹೋಯ್ಕ್. ಸಣ್ದೊಂದ್ ಕೆಲ್ಸ ಇತ್ತ್."

ಪ್ರಭಾವತಿ ಮೀನಿನ ಕಿವಿರು ಎತ್ತಿ ನೋಡುವುದರಲ್ಲಿ ಮುಳುಗಿದ್ದಳು. ಏನು ಕೆಲಸವೆಂದು ಕೇಳಲಿಲ್ಲ.

ಬಳೆಯಂಥ ಯಂತ್ರವಿದ್ದ ಕೋಣೆ ಬಂದರಿನ ಐಸ್ ಪ್ಲಾಂಟಿನಷ್ಟೇ ತಣ್ಣಗಿತ್ತು. ಜಲಜಳನ್ನು ಮಲಗಿಸಿ ಕೈಗಳನ್ನು ತಲೆಯ ಮೇಲೆ ಇಡಿಸಿದರು. ಮಂಪರು ಬರುವ ಮದ್ದನ್ನು ಸ್ವಲ್ಪ ಕೊಟ್ಟು, ಪಕ್ಕೆಯಲ್ಲಿ ಚುಚ್ಚಿ ಆ ಜಾಗ ಜೋಮು ಹಿಡಿಸಿದರು. ನಿದ್ದೆ ಬರಿಸಲಿಲ್ಲ. ಉಸಿರು ಹಿಡಿ ಎಂದಾಗ ಹಿಡಿಯಲು ಎಚ್ಚರ ಇರಬೇಕಲ್ಲ. ಗೋಡೆಯ ಗಡಿಯಾರ, ಹಸಿರು ಬಟ್ಟೆ, ಬಾಯಿ ಮುಚ್ಚಿಕೊಂಡ ಜನ. ಆಗ ಅವಳಿಗೆ ಮೊದಲ ಸಲ ಹೆದರಿಕೆಯಾಯಿತು. ದೇವರ ಹೆಸರು ಹೇಳೋಣವೆಂದರೆ, ಮೂರು ಗೇಟು ದಾಟುವ ಆ ದನಿ ಗಂಟಲಿನಿಂದ ಹೊರಗೇ ಬರಲಿಲ್ಲ. ತುಟಿ ಮಾತ್ರ ಅಲ್ಲಾಡಿತು. ಡಾಕ್ಟರು ಅವಳ ಹಣೆಯ ಮೇಲೊಮ್ಮೆ ಕೈಯಿಟ್ಟು ಗಾಜಿನ ಆಚೆ ಹೋದರು.

"ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ," ಎಂದ ಯಂತ್ರ ನೋಡಿಕೊಳ್ಳುವ ಪ್ರಖ್ಯಾತ್. ಬೇರೆ ಊರಿನಿಂದ ಹೊಸದಾಗಿ ಬಂದು ಸೇರಿದ ಹುಡುಗ.

ಜಲಜ ಹಿಡಿದಳು. ಬಳೆ ಗುಂಯ್ ಎಂದಿತು. ಎಷ್ಟು ಹೊತ್ತು ಹಿಡಿಯಬೇಕೋ ಎಂಬ ಸಂಶಯ ಬಂತು.

"ಬಿಡ್ಕಾ?" ಎಂದು ಕೇಳಿದಳು. ಅಷ್ಟರಲ್ಲಿ ಹಿಡಿದ ಉಸಿರು ಹೊರಗೆ ಹೋಗಿತ್ತು.

"ಅಮ್ಮ, ಕೇಳಬಾರದು. ನಾವೇ ಹೇಳ್ತೇವೆ. ಇನ್ನೊಂದು ಸಲ."

ಎರಡನೆಯ ಸಲ ಅವಳು ಬಹಳ ಶ್ರದ್ಧೆಯಿಂದ ಹಿಡಿದಳು. "ಚೆನ್ನಾಗಿ ಹಿಡಿದಿರಿ," ಎಂದು ಪ್ರಖ್ಯಾತ್ ಮಧ್ಯದಲ್ಲಿ ಹೊಗಳಿದ.

"ಹೌದಾ?" ಎಂದಳು ಜಲಜ.

ಗಾಜಿನ ಆಚೆಯಿಂದ ಡಾಕ್ಟರ ದನಿ ಮೈಕಿನಲ್ಲಿ ಬಂತು. "ಜಲಜಕ್ಕಾ, ಈ ಒಂದ್ ಸಲ ಬಾಯಿ ಮುಚ್ಕಣಿ. ಮತ್ತೆ ಮನಿಗ್ ಹೋಯಿ ಒಂದ್ ವಾರ ಬೇಕಾರೂ ಮಾತಾಡಿ. ಪ್ರಖ್ಯಾತ್, ನೀವೂ ಸುಮ್ಮನಿರಿ."

ಮೂರನೆಯ ಸಲಕ್ಕೆ ಚಿತ್ರ ಸರಿಯಾಗಿ ಬಂತು. ಡಾಕ್ಟರು ಒಳಗೆ ಬಂದು, ಚಿತ್ರ ನೋಡುತ್ತಾ, ಪಕ್ಕೆಯೆಲುಬುಗಳ ಸಂದಿನಿಂದ ಒಂದೊಂದೇ ಸೂಜಿ ಇಳಿಸಿದರು. ಒತ್ತಿದ ಹಾಗಾಯಿತೇ ಹೊರತು ನೋಯಲಿಲ್ಲ. ಆಮೇಲೆ ಸಿಲಿಂಡರಿನಿಂದ ಗಾಳಿ ಹೋಗುವ ಸುಯ್ ಶಬ್ದ. ಪಕ್ಕೆಯೊಳಗೆ ಒಂದು ಆಳವಾದ ತಂಪು ಹುಟ್ಟಿತು.

"ಕಪ್ಪು ಉಂಡೆ ಕಾಂತ್," ಎಂದರು ಡಾಕ್ಟರು ಪರದೆ ನೋಡಿ. "ಅದೇ ಐಸ್."

"ಎಷ್ಟ್ ದೊಡ್ಡ್ದ್?"

"ಅಡಿಕಿಯಷ್ಟ್."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಲಿಂಬೆಯಷ್ಟಾಗಿತ್ತು. ಆಮೇಲೆ ಮೂಸಂಬಿಯಷ್ಟು.

"ಸಾಕಲ್ದಾ? ಗಡ್ಡಿ ಲಿಂಬಿಯಷ್ಟೇ ಅಂದದ್ದಲ್ದಾ ನೀವ್?"

"ಸುತ್ತ ಒಂಚೂರ್ ಜಾಸ್ತಿ ಬೇಕ್. ಅಂಚಂಗೆ ಒಂದ್ ಕೂದ್ಲೆಳಿಯಷ್ಟ್ ಉಳ್ದ್ರೂ ಮತ್ತೆ ಬೆಳೀತ್," ಎಂದ ಡಾಕ್ಟರು, ಉಂಡೆ ಪಿತ್ತಕೋಶ ಮುಟ್ಟುವ ಮೊದಲು ಗಾಳಿ ನಿಲ್ಲಿಸಿದರು. "ಈಗ ಕರೆಂಟ್ ಹೋಯ್ತ್ ಜಲಜಕ್ಕ."

ಪ್ರಖ್ಯಾತ್ ಬೆಚ್ಚಿ ತಲೆಯೆತ್ತಿ ದೀಪಗಳನ್ನು ನೋಡಿದ. ಎಲ್ಲವೂ ಉರಿಯುತ್ತಿದ್ದವು. ಯಂತ್ರವನ್ನು ನೋಡಿದ, ಅದೂ ಸರಿಯಾಗಿತ್ತು.

"ನೀರ್ ಬಿಟ್ತಾ?" ಎಂದು ಕೇಳಿದಳು ಜಲಜ.

"ಬಿಡ್ತಾ ಇತ್ತ್... ಹಾಂ, ಕರೆಂಟ್ ಬಂತ್."

ಮತ್ತೆ ಸುಯ್ ಶಬ್ದ. ಪ್ರಖ್ಯಾತ್ ಈ ಸಲ ದೀಪ ನೋಡಲಿಲ್ಲ, ಡಾಕ್ಟರ ಮುಖ ನೋಡಿದ.

ಹೊರಗೆ ಬೆಂಚಿನ ಮೇಲೆ ಚಂದಯ್ಯ ಹೆಂಡತಿಯ ಫೋನು ಹಿಡಿದು ಕೂತಿದ್ದ. ಶ್ರೀಲತಾ ಮದ್ದು ತರಲು ಕೆಳಗೆ ಹೋಗಿದ್ದಳು. ಕುಡಿತವಿಲ್ಲದೆ ಧೈರ್ಯ ಕುಗ್ಗಿದ ಅವನಿಗೆ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂರುವುದು ಆಗಲಿಲ್ಲ. ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ. ಆಗ ಫೋನು ಬಂತು. ನಾಳೆಗಾದರೂ ಮೀನು ಉಂಟೇ ಎಂದು ಕೇಳಲು ಪ್ರಭಾವತಿ ಮಾಡಿದ್ದು.

"ಹಲೋ, ಜಲಜಾ?"

"ಜಲಜ ಇಲ್ಲೆ," ಎಂದ ಚಂದಯ್ಯ.

"ಇಲ್ಲೆ ಅಂದ್ರೆ?"

"ಒಳ್ಗ್ ಐಸಿಗ್ ಹಾಕಿರ್ ಅವ್ಳನ್ನ."

"ಅಯ್ಯೋ ದೇವ್ರೆ. ಯಾವಾಗ?"

"ಈಗಷ್ಟೇ. ಡಾಕ್ಟ್ರ್ ಕೈಯಂಗೆ ಆಪ್ದೆಲ್ಲ ಮಾಡಿರ್."

"ಮನಿಗೆ ಯಾವಾಗ ತಕಂಡ್ ಬಪ್ದ್?"

"ನಾಳೆ ಮಧ್ಯಾಹ್ನಕ್ಕೆ ಕೊಡ್ತೊ ಅಂದಿರ್," ಎಂದವನೇ ಚಂದಯ್ಯ ಗಳಗಳನೆ ಅತ್ತುಬಿಟ್ಟ. ಫೋನಿನ ಚಾರ್ಜೂ ಅಲ್ಲಿಗೇ ಮುಗಿಯಿತು.

ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಪ್ರಭಾವತಿ ಚಾವಡಿಗೆ ಬಂದು ಗಂಡನಿಗೆ ಹೇಳಿದಳು, ಭೋಜರಾಜ ತಡಮಾಡದೆ ತನ್ನ ಗುಂಪಿನಲ್ಲಿ ಹಾಕಿದ: "ನಮ್ಮೂರಿಗೆ ಮೀನು ತರುತ್ತಿದ್ದ ನಗುಮುಖದ ಜಲಜಕ್ಕ ಇನ್ನಿಲ್ಲ." ಕೆಳಗೊಂದು ಫೋಟೋ. ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ತೆಗೆದದ್ದು, ಅದರಲ್ಲಿ ಜಲಜಳ ಬಾಯಲ್ಲಿ ಹಪ್ಪಳ ಇತ್ತು. ಸಂಜೆಯೊಳಗೆ ಸುದ್ದಿ ತಲ್ಲೂರು, ಹೆಮ್ಮಾಡಿ, ತ್ರಾಸಿ ದಾಟಿ ನಾವುಂದ ಮುಟ್ಟಿತು. ಶ್ರೀಲತಾ ಆಸ್ಪತ್ರೆಯಲ್ಲಿ ಫೋನು ಸದ್ದು ಮಾಡಬಾರದೆಂದು ಆರಿಸಿ ಬ್ಯಾಗಿನಲ್ಲಿ ಹಾಕಿದ್ದಳು. ಮನೆಗೆ ಹೋಗಲು ಗಾಡಿ ಬೇಕೆಂದು ಒಂದು ಸಲ ತೆರೆದು ತಂದೆಯ ಕೈಗೆ ಕೊಟ್ಟಿದ್ದು ಬಿಟ್ಟರೆ ಮತ್ತೆ ನೋಡಲಿಲ್ಲ. ಚಂದಯ್ಯ ನೆರೆಮನೆಯ ಸುಜನನಿಗೆ ಫೋನು ಮಾಡಿ, "ನಾಳೆ ಮಧ್ಯಾಹ್ನ ಓಮ್ನಿ ತಕಂಡ್ ಬಾ ಮಾರಾಯ, ಜಲಜನ್ನ ಮನಿಗೆ ತಕಂಡ್ ಹೋಯ್ಕ್," ಎಂದು ಇಟ್ಟಿದ್ದ.

ಮರುದಿನ ಜಲಜ ಮಗಳ ಕೈ ಹಿಡಿದು ಆಸ್ಪತ್ರೆಯ ಬಾಗಿಲಿಗೆ ನಡೆದು ಬಂದಾಗ, ಓಮ್ನಿಗೆ ಒರಗಿ ನಿಂತಿದ್ದ ಸುಜನ್ ಅವಳನ್ನು ನೋಡಿ ನೆಲದ ಮೇಲೆಯೇ ಕೂತುಬಿಟ್ಟ.

"ಎಂತ ಮಾರಾಯ, ಭೂತ ಕಂಡಾಂಗ್ ಮಾಡ್ತೆ? ಬಾಗ್ಲ್ ತೆಗಿ."

ಬಾಗಿಲು ತೆರೆದರೆ ಹಿಂದಿನ ಸೀಟುಗಳಿಲ್ಲ. ಬರೀ ನೆಲ, ನೆಲದ ಮೇಲೆ ಒಂದು ಹೊಸ ಚಾಪೆ, ಒಂದು ಮಡಿಸಿದ ಬಿಳಿ ಬಟ್ಟೆ.

"ಸೀಟ್ ಎಲ್ಲಿ?"

"ಮನಿಯಂಗೆ ಇಟ್ಟ್ ಬಂದೆ," ಎಂದ ಸುಜನ್ ಸಣ್ಣ ದನಿಯಲ್ಲಿ. "ಉದ್ದಕ್ಕ್ ಮನ್ಗ್ಸುಕೆ."

ಜಲಜ ಚಾಪೆ ನೋಡಿದಳು, ಬಿಳಿ ಬಟ್ಟೆ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿದಳು. "ಹ್ವಾಯ್, ನೀವ್ ಯಾರಿಗ್ ಎಂತ ಹೇಳಿರಿ?"

"ಇದ್ದದ್ದನ್ನೇ ಹೇಳ್ದೆ," ಎಂದ ಚಂದಯ್ಯ.

ಅವಳು ಮುಂದಿನ ಸೀಟಿನಲ್ಲಿ ಕೂತಳು. ಅಪ್ಪ ಮಗಳು ಹಿಂದೆ ಚಾಪೆಯ ಮೇಲೆ ಕೂತು, ತಿರುವು ಬಂದಾಗಲೆಲ್ಲ ಈ ಕಡೆಯಿಂದ ಆ ಕಡೆಗೆ ಜಾರುತ್ತಾ ಬಂದರು. ಕೋಟ ದಾಟುವಾಗ ಶ್ರೀಲತಾ ಫೋನು ತೆರೆದಳು. ಒಂದರ ಹಿಂದೊಂದು ಸಂದೇಶ. ಕೈಮುಗಿದ ಚಿತ್ರ, ದೀಪದ ಚಿತ್ರ, ದನಿಯ ಸಂದೇಶಗಳು. ಜಲಜ ಎಲ್ಲವನ್ನೂ ಜೋರಾಗಿ ಇಡಿಸಿ ಕೇಳಿದಳು.

"ಅವ್ಳ್ ತಂದಾಂಗಿನ್ ಮೀನ್ ಇನ್ಯಾರೂ ತತ್ತಿಲ್ಲೆ," ಎಂದಿತು ಒಂದು ದನಿ.

"ಇದ್ ತಲ್ಲೂರಿನ್ ಆ ಹಂಚಿನ್ ಮನಿ ಹೆಂಗ್ಸ್," ಎಂದಳು ಜಲಜ. "ಮೊನ್ನೆಯಷ್ಟೇ ಬಂಗ್ಡಿ ಹಳ್ಸಿತ್ತ್ ಅಂದೇಳಿ ಗಲಾಟಿ ಮಾಡಿತ್ತ್. ಇನ್ನೊಂದ್ ಹಾಕ್ ಹೆಣ್ಣೆ."

ತಲ್ಲೂರು ದಾಟುವವರೆಗೂ ಅವಳ ಮುಖದಲ್ಲಿ ಒಂದು ಬಗೆಯ ತೃಪ್ತಿ ಇತ್ತು. ಫೋಟೋ ನೋಡಿದ ಮೇಲೆ ಅದು ಹೋಯಿತು. "ಹಪ್ಳ ತಿಂಬು ಫೋಟೋವೇ ಸಿಕ್ಕದ್ದಾ ಇವ್ರಿಗೆ?"

ಮನೆಯ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಗಂಡಸರು ಹೆಗಲ ಮೇಲೆ ಟವೆಲು ಹಾಕಿ ತಗ್ಗಿದ ದನಿಯಲ್ಲಿ ಮೀನಿನ ರೇಟು ಮಾತಾಡುತ್ತಿದ್ದರು. ಹೆಂಗಸರು ಜಗಲಿಯ ಮೇಲೆ ಗುಂಪಾಗಿದ್ದರು. ಓಮ್ನಿ ಬಂದು ನಿಂತದ್ದೇ ಒಂದು ಅಳು ಎದ್ದಿತು. ಜಲಜ ಅದನ್ನೇನೂ ಗಮನಿಸಲಿಲ್ಲ. ಅವಳ ಕಣ್ಣು ಹೋದದ್ದು ಮನೆಯ ಬದಿಗೆ. ಅಲ್ಲಿ ಮಿಡಿಮಾವಿನ ಮರದ ಬುಡದಲ್ಲಿ ಇಬ್ಬರು ನಿಂತಿದ್ದರು. ಒಬ್ಬನ ಕೈಯಲ್ಲಿ ಕೊಡಲಿ. ಚಿತೆಯ ಸೌದೆಗೆಂದು ಒಂದು ಕೊಂಬೆಗೆ ಆಗಲೇ ಏಟು ಬಿದ್ದಿತ್ತು.

ನಿನ್ನೆ ಬಾರದ ದನಿ ಆಗ ಬಂತು.

"ಹ್ವಾಯ್!"

ಜಗಲಿಯ ಅಳು ನಿಂತಿತು. ಕೊಡಲಿ ಕೆಳಗೆ ಬಿತ್ತು. ಕುರ್ಚಿಯಲ್ಲಿದ್ದವರೆಲ್ಲ ಒಟ್ಟಿಗೆ ಎದ್ದುನಿಂತರು, ಎದ್ದ ರಭಸಕ್ಕೆ ಹಿಂದಿನ ಸಾಲು ಮಗುಚಿತು. ಅತ್ತ ಹೆಂಗಸರಲ್ಲಿ ಒಬ್ಬಳು ಹಿತ್ತಿಲ ಬಾಗಿಲಿನಿಂದ ಓಡಿದವಳು ಸಮುದ್ರದ ದಂಡೆಯವರೆಗೂ ನಿಲ್ಲಲಿಲ್ಲವೆಂದು ಆಮೇಲೆ ತಿಳಿಯಿತು.

"ಯಾರದ್ ಆ ಕೊಡ್ಲಿ? ಮಿಡಿ ಬಿಡು ಮರಕ್ಕೆ ಕೈ ಹಾಕುಕೆ ಯಾರ್ ಹೇಳದ್? ನಾನ್ ಸಾಯ್ಲಿ ಇರ್ಲಿ, ಉಪ್ಪಿನ್ಕಾಯಿ ಬ್ಯಾಡ್ದಾ ಮನಿಗೆ?"

ಬದುಕಿದ್ದಾಳೆಂದು ನಂಬಲು ಇದಕ್ಕಿಂತ ಹೆಚ್ಚು ಸಾಕ್ಷಿ ಯಾರಿಗೂ ಬೇಕಾಗಲಿಲ್ಲ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಪ್ರಭಾವತಿ ಕಣ್ಣೊರೆಸುತ್ತಾ, ಎರಡೂ ಕೈಯಲ್ಲಿ ಸೇವಂತಿಗೆಯ ದೊಡ್ಡ ಮಾಲೆ ಹಿಡಿದು ಇಳಿದಳು. ತಲೆ ತಗ್ಗಿಸಿಕೊಂಡೇ ಅಂಗಳ ದಾಟಿ, ಜಗಲಿಯ ಮೆಟ್ಟಿಲಲ್ಲಿ ಕೂತಿದ್ದ ಹೆಂಗಸಿನ ಹತ್ತಿರ, "ಎಲ್ಲಿ ಮನ್ಗ್ಸಿರ್?" ಎಂದು ಕೇಳಿದಳು.

"ಇನ್ನೂ ಮನ್ಗಲಿಲ್ಲೆ ಅಮ್ಮ. ಕೂಕಂಡಿದ್ದೆ," ಎಂದಳು ಜಲಜ.

ಪ್ರಭಾವತಿ ಕಿರುಚಿದ್ದು ಹೆದ್ದಾರಿಯವರೆಗೂ ಕೇಳಿಸಿತು. ಹಿಂದಿನಿಂದ ಬರುತ್ತಿದ್ದ ಭೋಜರಾಜ ಅಲ್ಲೇ ಕಾರಿನತ್ತ ತಿರುಗಿ ನಿಂತು, ಗುಂಪಿನಲ್ಲಿ ಹಾಕಿದ್ದನ್ನು ಅಳಿಸಲು ಫೋನು ತಡಕಾಡತೊಡಗಿದ. ಒಂದು ರಾತ್ರಿಯಲ್ಲಿ ಊರೆಲ್ಲ ದಾಟಿದ ಸಂದೇಶ ಅಷ್ಟು ಸುಲಭದಲ್ಲಿ ಹೋಗುವುದಿಲ್ಲ.

"ನೀನೇ... ನಿನ್ ಗಂಡನೇ ಹೇಳದ್ದಲ್ದಾ, ಐಸಿಗ್ ಹಾಕಿರ್ ಅಂದೇಳಿ!" ಎಂದಳು ಪ್ರಭಾವತಿ ಉಸಿರು ಸಿಕ್ಕಿದ ಮೇಲೆ.

"ಹಾಕದ್ದ್ ಹೌದ್. ಗಡ್ಡಿಗೆ," ಎಂದ ಚಂದಯ್ಯ ಬಾಗಿಲ ಮರೆಯಿಂದ.

ಪ್ರಭಾವತಿ ಜಲಜಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಕೈ ಹಿಡಿದು ಮುಟ್ಟಿ ನೋಡಿದಳು. ಆಮೇಲೆ ಇಬ್ಬರಿಗೂ ನಗು ಬಂತು. ನಕ್ಕರೆ ಪಕ್ಕೆಯ ಗಾಯ ಹಿಡಿಯುತ್ತಿತ್ತು, ಜಲಜ ಒಂದು ಕೈಯಲ್ಲಿ ಅದನ್ನು ಒತ್ತಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಪ್ರಭಾವತಿ ಮತ್ತೆ ಅತ್ತಳು. ಮಾಲೆಯನ್ನು ಏನು ಮಾಡುವುದೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಿದ್ದಳು. ಜಲಜ ಅದನ್ನು ಎತ್ತಿ ಮಗಳ ಕೈಗೆ ಕೊಟ್ಟು ದೇವರ ಫೋಟೋಕ್ಕೆ ಹಾಕಿಸಿದಳು.

ಬಂದವರಿಗೆ ಚಹಾ ಮಾಡಲೇಬೇಕಾಯಿತು. ಚಹಾ ಕುಡಿದ ಮೇಲೆ ಹೆಂಗಸರಿಗೆ ಗಾಯ ನೋಡುವ ಆಸೆ. ಒಳಗೆ ಹೋಗಿ ಜಲಜ ಸೆರಗು ಸರಿಸಿ ತೋರಿಸಿದಳು. ಪಕ್ಕೆಯಲ್ಲಿ ಒಂದೆರಡು ಸಣ್ಣ ಪಟ್ಟಿ, ಅಷ್ಟೆ.

"ಇಷ್ಟೇಯಾ?" ಎಂದರು ಅವರು. ಅಷ್ಟು ದೂರದಿಂದ ಬಂದದ್ದಕ್ಕೆ ಇದು ಸಾಲದೆಂಬಂತೆ ಇತ್ತು ಅವರ ಮುಖ.

ಎರಡು ಮೂರು ದಿನ ಜ್ವರ ಬಂತು, ಬಲ ಭುಜ ನೋಯುತ್ತಿತ್ತು. ಹೀಗಾಗುವುದುಂಟೆಂದು ಡಾಕ್ಟರು ಮೊದಲೇ ಹೇಳಿದ್ದರು. ಹೊಟ್ಟೆಯೊಳಗೆ ಐಸು ಇದೆಯೆಂದು ತಿಳಿದ ನೆರೆಹೊರೆಯವರು ಕರಿಮೆಣಸಿನ ಕಷಾಯ ತಂದು ತಂದು ಕೊಟ್ಟರು. ಚಂದಯ್ಯ ಅದನ್ನೆಲ್ಲ ತಾನೇ ಕುಡಿದ. ಸಂಜೆಯ ಹೊತ್ತಿಗೆ ಗಂಟಲು ಉರಿಯುವ ಏನೋ ಒಂದು ಸ್ವಲ್ಪ ಸಿಕ್ಕಿದ ಹಾಗಾಗಿ ಅವನಿಗೆ ಅದು ಹಿತವಾಗಿಯೇ ಕಂಡಿತು.

ಒಂದು ತಿಂಗಳಾದ ಮೇಲೆ ಮತ್ತೆ ಸ್ಕ್ಯಾನು. ಡಾಕ್ಟರು ಪರದೆ ತಿರುಗಿಸಿ ತೋರಿಸಿದರು. ಮೊದಲು ಬೆಳ್ಳಗೆ ಹೊಳೆಯುತ್ತಿದ್ದ ಜಾಗದಲ್ಲಿ ಈಗ ಒಂದು ಮಸುಕು ಕಪ್ಪು ಗುಳಿ.

"ಸತ್ತಿತ್ತಾ?"

"ಸತ್ತಿತ್ತ್. ಜೀವ ಇಪ್ಪ್ ಲಕ್ಷಣ ಎಲ್ಲೂ ಕಾಂತಿಲ್ಲೆ."

"ಮತ್ತೆ ಬಪ್ದಿಲ್ಯಾ?"

ಡಾಕ್ಟರು ಸುಳ್ಳು ಹೇಳಲಿಲ್ಲ. ಲಿವರು ಗಟ್ಟಿಯಾಗಿಯೇ ಇದೆ, ವೈರಸ್ಸೂ ಇದೆ. ಬೇರೆ ಕಡೆ ಹೊಸದು ಹುಟ್ಟಬಹುದು, ಹುಟ್ಟದೆಯೂ ಇರಬಹುದು. ದಿನಾ ಗುಳಿಗೆ ತಿನ್ನಬೇಕು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು.

ಬಸ್ಸಿನಲ್ಲಿ ಹಿಂದೆ ಬರುವಾಗ ಜಲಜ ಸಾಲಿಗ್ರಾಮದವರೆಗೂ ಮಾತಾಡಲಿಲ್ಲ. ಪಕ್ಕದಲ್ಲಿ ಕೂತ ಚಂದಯ್ಯನಿಗೆ ಗಾಬರಿಯಾಯಿತು. ಅವಳು ಬೈದರೆ ಅವನಿಗೆ ಅಭ್ಯಾಸವಿತ್ತು, ಸುಮ್ಮನಿದ್ದರೆ ಇರಲಿಲ್ಲ.

"ಎಂತ ಆಯ್ತೆ?"

"ಎಂತ ಇಲ್ಲೆ." ಅವಳು ಕಿಟಕಿಯ ಹೊರಗೆ ನೋಡುತ್ತಲೇ ಅವನ ಮೊಣಕೈ ಹಿಡಿದುಕೊಂಡಳು. "ಬಂದ್ರೆ ಬರ್ಲಿ. ಬಂದಾಗ ಕಾಂಬ."

ಕುಂದಾಪುರ ಬರುವಾಗ ಅವಳು ಕಂಡಕ್ಟರನ ಹತ್ತಿರ ಅವನ ಹೆಂಡತಿ ಮಕ್ಕಳು ಲಿವರ್ ಪರೀಕ್ಷೆ ಮಾಡಿಸಿದ್ದಾರೋ ಎಂದು ವಿಚಾರಿಸುತ್ತಿದ್ದಳು.

ಈಗ ಅವಳ ಮೀನಿನ ದಾರಿಯಲ್ಲಿ ಅದೊಂದು ಹೊಸ ಕೆಲಸ ಸೇರಿಕೊಂಡಿದೆ. ಮೀನು ಕೊಯ್ಯುತ್ತಾ ಕೂತಲ್ಲೇ ಮನೆಯವರ ಕಣ್ಣಿನ ಬಣ್ಣ ನೋಡುತ್ತಾಳೆ. ಕಾಮಾಲೆಯ ರಕ್ತಪರೀಕ್ಷೆ ಮಾಡಿಸದವರಿಗೆ ಒಳ್ಳೆಯ ಮೀನು ಕೊಡುವುದಿಲ್ಲವೆಂದು ಹೆದರಿಸಿ, ಭೋಜರಾಜನನ್ನೂ ಪ್ರಭಾವತಿಯನ್ನೂ ಪರೀಕ್ಷೆಗೆ ಕಳಿಸಿದ್ದಾಳೆ. ಭೋಜರಾಜನಂತೂ ಗುಂಪಿನಲ್ಲಿ ಆ ವಿಷಯ ಹಾಕುವ ಮೊದಲು ಜಲಜಳಿಗೆ ಫೋನು ಮಾಡಿ ಓದಿ ಹೇಳಿದ.

ಮನೆಯವರಿಗೂ ಪರೀಕ್ಷೆಯಾಗಬೇಕು, ವೈರಸ್ಸಿಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದರು. ಶ್ರೀಲತಾ ಕೆಲಸಕ್ಕೆ ಸೇರುವಾಗಲೇ ಹಾಕಿಸಿಕೊಂಡಿದ್ದಳು. ಚಂದಯ್ಯನ ರಕ್ತದಲ್ಲಿ ವೈರಸ್ಸು ಇರಲಿಲ್ಲ. ಜಲಜ ಒಂದು ಸೋಮವಾರ ಅವನನ್ನು ಬೈಂದೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಅವನು ಬಿರುಗಾಳಿಯಲ್ಲಿ ಬೋಟು ನಡೆಸಿದ ಕತೆ ಹೇಳುತ್ತಾ ಬಂದ. ಸ್ಟೂಲಿನ ಮೇಲೆ ಕೂತು ಅಂಗಿಯ ತೋಳು ಮೇಲಕ್ಕೆ ಸುತ್ತಿದ. ನರ್ಸಮ್ಮ ಹತ್ತಿರ ಬಂದಳು. ಕಥೆ ಅರ್ಧಕ್ಕೆ ನಿಂತಿತು, ಕಣ್ಣು ಮೇಲಾಯಿತು, ಚಂದಯ್ಯ ಸ್ಟೂಲಿನಿಂದ ಮೆಲ್ಲಗೆ ಜಲಜಳ ಮೈಮೇಲೆ ವಾಲಿದ.

ಅವಳು ಅವನನ್ನು ಆತು ಹಿಡಿದು, ಸೆರಗಿನಿಂದ ಗಾಳಿ ಹಾಕಿದಳು. ನರ್ಸಮ್ಮ ನೀರು ಚಿಮುಕಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವನು ಕಣ್ಣು ಬಿಟ್ಟು, "ಮುಗೀತಾ?" ಎಂದು ಕೇಳಿದ.

"ಎಂತ ಮುಗುದ್?" ಎಂದಳು ಜಲಜ. "ಇನ್ನೂ ಹತ್ತಿಯಂಗೆ ಒರ್ಸದ್ದಷ್ಟೇ."